ಸ್ವೆನ್ಸನ್ ಮತ್ತು ಹಣದುಬ್ಬರದ ಗುರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಎರಡು ತಿಂಗಳಿಗೊಮ್ಮೆ ರಿಸರ್ವ್ ಬ್ಯಾಂಕ್ ರೆಪೊ ದರ (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) ಹೇಳುವ ದಿನ ತರಗತಿಯಲ್ಲಿ ಮಕ್ಕಳು ಕೇಳುತ್ತಾರೆ, ಸಂಜೆ ನೆಂಟರು ಫೋನ್ ಮಾಡುತ್ತಾರೆ. "ಮನೆ ಸಾಲದ ಕಂತು ಇಳಿಯುತ್ತಾ?" ಅಂತ ಶುರುವಾದ ಮಾತು "ಅಲ್ಲಾ, ಹಣದುಬ್ಬರ ನಾಲ್ಕು ಪರ್ಸೆಂಟ್ ಇರಬೇಕು ಅನ್ನೋ ಈ ಗುರಿ ಎಲ್ಲಿಂದ ಬಂತು?" ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದವರು ಸ್ವೀಡನ್ನಿನ ಲಾರ್ಸ್ ಸ್ವೆನ್ಸನ್. ಅವರ ಕೆಲಸದ ಬಗ್ಗೆ ನನ್ನನ್ನು ಕೇಳಿದ ಪ್ರಶ್ನೆಗಳು, ನಾನು ಕೊಟ್ಟ ಉತ್ತರಗಳು ಇಲ್ಲಿವೆ.

ಲಾರ್ಸ್ ಸ್ವೆನ್ಸನ್ ಯಾರು?

1947ರಲ್ಲಿ ಹುಟ್ಟಿದ ಸ್ವೀಡಿಷ್ ಅರ್ಥಶಾಸ್ತ್ರಜ್ಞ. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪ್ರೊಫೆಸರ್ ಆಗಿದ್ದವರು. 2007ರ ಮೇ ತಿಂಗಳಿಂದ 2013ರ ಮೇ ತನಕ ಸ್ವೀಡನ್ನಿನ ಕೇಂದ್ರ ಬ್ಯಾಂಕ್ ಆದ ರಿಕ್ಸ್‌ಬ್ಯಾಂಕಿನ ಉಪ ಗವರ್ನರ್ ಆಗಿದ್ದರು. ರಿಕ್ಸ್‌ಬ್ಯಾಂಕ್ 1668ರದ್ದು, ಜಗತ್ತಿನ ಅತಿ ಹಳೆಯ ಕೇಂದ್ರ ಬ್ಯಾಂಕ್.

ಹಣದುಬ್ಬರದ ಗುರಿಯ ಬಗ್ಗೆ ಬರೆದವರು ತುಂಬಾ ಜನ ಇದ್ದಾರೆ. ಬರೆದದ್ದನ್ನು ಬಡ್ಡಿ ದರ ನಿರ್ಧರಿಸುವ ಮೇಜಿನ ಮುಂದೆ ಕೂತು ಆರು ವರ್ಷ ವಾದಿಸಿದವರು ಕಡಿಮೆ. ನನಗೆ ಅವರು ಮುಖ್ಯ ಅನ್ನಿಸಿದ್ದು ಇದಕ್ಕೇ.

ಹಣದುಬ್ಬರದ ಗುರಿ ಅಂದರೆ ಏನು? ಮೊದಲು ಶುರು ಮಾಡಿದ್ದು ಯಾರು?

ಬೆಲೆಗಳು ವರ್ಷಕ್ಕೆ ಇಷ್ಟು ಏರಬೇಕು, ಇದಕ್ಕಿಂತ ಜಾಸ್ತಿಯೂ ಬೇಡ, ಕಡಿಮೆಯೂ ಬೇಡ ಅಂತ ಕೇಂದ್ರ ಬ್ಯಾಂಕ್ ಎಲ್ಲರ ಮುಂದೆ ಒಂದು ಅಂಕಿ ಹೇಳುತ್ತದೆ. ಬಡ್ಡಿ ದರವನ್ನು ಏರಿಸಿ ಇಳಿಸಿ ಹಣದುಬ್ಬರವನ್ನು ಅಲ್ಲಿಗೆ ತರಲು ನೋಡುತ್ತದೆ. ತಪ್ಪಿದರೆ ಯಾಕೆ ತಪ್ಪಿತು ಅಂತ ಹೇಳಬೇಕು.

ಮೊದಲು ಮಾಡಿದ್ದು ನ್ಯೂಜಿಲೆಂಡ್. 1989ರಲ್ಲಿ ಕಾನೂನು ಬಂತು, 1990ರಲ್ಲಿ ಶೇ 0ರಿಂದ 2 ಎನ್ನುವ ಗುರಿ ಬಂತು. 1991ರಲ್ಲಿ ಕೆನಡಾ, 1992ರಲ್ಲಿ ಬ್ರಿಟನ್, 1993ರಲ್ಲಿ ಸ್ವೀಡನ್ ಅದೇ ದಾರಿಗೆ ಬಂದವು. ಅಂದರೆ ಇದು ಯಾವುದೋ ಪ್ರೊಫೆಸರ್ ಪುಸ್ತಕದಿಂದ ಹೊರಟದ್ದಲ್ಲ. ಆಡಳಿತದವರು ಮೊದಲು ಮಾಡಿದರು. ಅದರ ಹಿಂದಿನ ಲೆಕ್ಕವನ್ನು ಸ್ವೆನ್ಸನ್ ಅಂಥವರು ಆಮೇಲೆ ಬಿಡಿಸಿ ತೋರಿಸಿದರು.

ಸ್ವೀಡನ್ ಈ ದಾರಿ ಹಿಡಿದದ್ದು ಯಾಕೆ?

ಬೇರೆ ದಾರಿ ಮುಚ್ಚಿಹೋಗಿತ್ತು. ಅಲ್ಲಿಯವರೆಗೆ ತಮ್ಮ ಕರೆನ್ಸಿಯಾದ ಕ್ರೋನಾದ ಬೆಲೆಯನ್ನು ಯುರೋಪಿನ ಕರೆನ್ಸಿಗಳಿಗೆ ಕಟ್ಟಿಹಾಕಿದ್ದರು. 1992ರಲ್ಲಿ ಎಲ್ಲರೂ ಕ್ರೋನಾ ಮಾರತೊಡಗಿದಾಗ ಅದನ್ನು ಉಳಿಸಿಕೊಳ್ಳಲು ರಿಕ್ಸ್‌ಬ್ಯಾಂಕ್ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು ಶೇ 500ಕ್ಕೆ ಏರಿಸಿತು. ಹೌದು, ಐನೂರು. ತರಗತಿಯಲ್ಲಿ ಇದನ್ನು ಹೇಳಿದಾಗೆಲ್ಲ ಒಬ್ಬರಾದರೂ "ಐದಾ ಸರ್?" ಅಂತ ಕೇಳುತ್ತಾರೆ. ಕೆಲವೇ ದಿನ ಇದ್ದ ದರ ಅದು. ಅಷ್ಟು ಮಾಡಿದರೂ ನವೆಂಬರ್ 19ರಂದು ಆ ಕಟ್ಟನ್ನು ಕೈಬಿಡಲೇಬೇಕಾಯಿತು.

ಹಗ್ಗ ಬಿಚ್ಚಿದ ಮೇಲೆ ಜನ ಯಾವುದನ್ನು ನಂಬಿಕೊಂಡು ಸಂಬಳ, ಬಾಡಿಗೆ, ಸಾಲ ಮಾತಾಡಬೇಕು? ಅದಕ್ಕೆ 1993ರ ಜನವರಿಯಲ್ಲಿ ಶೇ 2ರ ಗುರಿ ಹೇಳಿದರು. 1995ರಿಂದ ಅದು ಜಾರಿಗೆ ಬಂತು.

ಸ್ವೆನ್ಸನ್ ಅವರ ಮುಖ್ಯ ವಿಚಾರ ಯಾವುದು?

1997ರಲ್ಲಿ ಅವರು ಬರೆದ ಪ್ರಬಂಧದ ಸಾರ ಇದು: ಕೇಂದ್ರ ಬ್ಯಾಂಕ್ ಇವತ್ತಿನ ಹಣದುಬ್ಬರಕ್ಕೆ ಗುರಿ ಇಡಬಾರದು, ಮುಂದಿನ ಹಣದುಬ್ಬರದ ಮುನ್ನಂದಾಜಿಗೆ ಗುರಿ ಇಡಬೇಕು.

ಯಾಕೆ ಅಂದರೆ ಬಡ್ಡಿ ದರದ ಕೆಲಸ ನಿಧಾನ. ಇವತ್ತು ಏರಿಸಿದರೆ ಮೊದಲು ಬ್ಯಾಂಕುಗಳ ದರ ಬದಲಾಗಬೇಕು. ಆಮೇಲೆ ಜನ ಮನೆ ಕಟ್ಟುವುದನ್ನು, ಅಂಗಡಿಯವರು ಸ್ಟಾಕ್ ತುಂಬುವುದನ್ನು ಮುಂದೂಡಬೇಕು. ಅದು ಬೆಲೆಯಲ್ಲಿ ಕಾಣುವ ಹೊತ್ತಿಗೆ ಒಂದೂವರೆ ಎರಡು ವರ್ಷ ಆಗಿರುತ್ತದೆ.

ಬಾಳೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂದು ನೆಟ್ಟ ಮೇಲೆ ಗೊನೆ ಕೊಯ್ಯಲು ಹತ್ತು ಹನ್ನೆರಡು ತಿಂಗಳು ಬೇಕು. ಇವತ್ತು ಏಲಕ್ಕಿ ಬಾಳೆಗೆ ಒಳ್ಳೆ ರೇಟ್ ಇದೆ ಅಂತ ಇವತ್ತು ನೆಟ್ಟು ಪ್ರಯೋಜನ ಇಲ್ಲ. ಗೊನೆ ಬರುವ ಹೊತ್ತಿಗೆ ಶ್ರಾವಣವೋ ಆಯುಧಪೂಜೆಯೋ, ಆಗ ರೇಟ್ ಹೇಗಿರುತ್ತದೆ ಅಂತ ಅಂದಾಜು ಮಾಡಿ ನೆಡಬೇಕು. ಬಡ್ಡಿ ದರವೂ ಹಾಗೇ. ಇವತ್ತಿನ ಬೆಲೆಯನ್ನು ಇವತ್ತಿನ ಬಡ್ಡಿ ಬದಲಿಸಲಾರದು.

ಇದರಿಂದ ಇನ್ನೊಂದು ಉಪಕಾರ ಆಯಿತು. ಎರಡು ವರ್ಷದ ನಂತರ ಸಿಗುವ ಫಲಕ್ಕೆ ಇವತ್ತೇ ಲೆಕ್ಕ ಕೇಳುವುದು ಹೇಗೆ? ಕೇಂದ್ರ ಬ್ಯಾಂಕ್ ತನ್ನ ಮುನ್ನಂದಾಜನ್ನು ಪ್ರಕಟಿಸಿದರೆ ಯಾರು ಬೇಕಾದರೂ ನೋಡಬಹುದು. "ಎರಡು ವರ್ಷ ಆದಮೇಲೂ ಹಣದುಬ್ಬರ ಗುರಿಗಿಂತ ಮೇಲೇ ಇರುತ್ತದೆ ಅಂತ ನೀವೇ ಬರೆದಿದ್ದೀರಿ, ಮತ್ತೆ ದರ ಏಕೆ ಇಳಿಸಿದಿರಿ?" ಅಂತ ಕೇಳಬಹುದು. ಸಾಮಾನ್ಯ ಜನ ಕೇಂದ್ರ ಬ್ಯಾಂಕನ್ನು ಪ್ರಶ್ನೆ ಮಾಡಲು ಇಷ್ಟು ಸುಲಭದ ದಾರಿ ಅದಕ್ಕೆ ಮೊದಲು ಇರಲಿಲ್ಲ.

ಬೆಲೆಯನ್ನೇ ನೋಡಿಕೊಂಡು ಕೂತರೆ ಕೆಲಸ ಕಳೆದುಕೊಂಡವರ ಗತಿ ಏನು?

ಈ ಪ್ರಶ್ನೆ ಕೇಳಿದವರೆಲ್ಲ ಸರಿಯಾದದ್ದನ್ನೇ ಕೇಳಿದ್ದೀರಿ. ಸ್ವೆನ್ಸನ್ ಎರಡು ಬಗೆ ಮಾಡಿ ತೋರಿಸಿದರು. ಒಂದು ಕಟ್ಟುನಿಟ್ಟಿನ ಗುರಿ: ಏನಾದರೂ ಆಗಲಿ, ಹಣದುಬ್ಬರ ಬೇಗ ಗುರಿಗೆ ಬರಲಿ. ಇನ್ನೊಂದು ಹದವರಿತ ಗುರಿ, ಇಂಗ್ಲಿಷಿನವರು ಫ್ಲೆಕ್ಸಿಬಲ್ ಅನ್ನುವುದು: ಹಣದುಬ್ಬರ ಗುರಿಗೆ ಬರಬೇಕು, ಆದರೆ ಉದ್ಯೋಗಕ್ಕೆ ವಿಪರೀತ ಪೆಟ್ಟು ಬೀಳದಂತೆ ನಿಧಾನವಾಗಿ ಬರಲಿ. ಅವರು ಯಾವಾಗಲೂ ಎರಡನೆಯದರ ಪರ.

ಇದನ್ನು ಅವರು ಒಂದು ಸರಳ ಲೆಕ್ಕದಲ್ಲಿ ಇಟ್ಟರು. ಹಣದುಬ್ಬರ ಗುರಿಯಿಂದ ಎಷ್ಟು ದೂರ ಇದೆಯೋ ಅದರ ವರ್ಗ ತೆಗೆದುಕೊಳ್ಳಿ. ಉತ್ಪಾದನೆ ಅಥವಾ ಉದ್ಯೋಗ ಇರಬೇಕಾದ ಮಟ್ಟದಿಂದ ಎಷ್ಟು ದೂರ ಇದೆಯೋ ಅದರ ವರ್ಗವನ್ನೂ ಒಂದು ತೂಕ ಕೊಟ್ಟು ಕೂಡಿಸಿ. ಬಂದದ್ದೇ ನಷ್ಟ. ಅದನ್ನು ಆದಷ್ಟು ಕಡಿಮೆ ಮಾಡುವುದು ಕೇಂದ್ರ ಬ್ಯಾಂಕಿನ ಕೆಲಸ. ವರ್ಗ ಮಾಡುವುದರಲ್ಲಿ ಎರಡು ಮಾತು ಅಡಗಿದೆ. ಗುರಿಯಿಂದ 2 ಅಂಶ ದೂರ ಇದ್ದರೆ (ಗುರಿ ಶೇ 2 ಇರುವಾಗ ಹಣದುಬ್ಬರ ಶೇ 4 ಇದ್ದಂತೆ) 1 ಅಂಶ ದೂರದ ನಾಲ್ಕು ಪಟ್ಟು ನಷ್ಟ. ಮತ್ತೆ, 1 ಅಂಶ ಮೇಲಿದ್ದರೂ 1 ಅಂಶ ಕೆಳಗಿದ್ದರೂ ನಷ್ಟ ಒಂದೇ. ಈ ಎರಡನೇ ಮಾತನ್ನು ನೆನಪಿಟ್ಟುಕೊಳ್ಳಿ. ಸ್ವೀಡನ್ನಿನಲ್ಲಿ ಜಗಳ ಆದದ್ದು ಅದರ ಮೇಲೇ.

ಹದವರಿತ ಗುರಿ ಹೇಗಿರುತ್ತದೆ ಅಂತ ನಾವೇ ನೋಡಿದ್ದೇವೆ. 2023ರ ಜುಲೈ. ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಜೂನ್‌ನಲ್ಲಿ ಶೇ 5ರ ಒಳಗಿದ್ದ ದೇಶದ ಹಣದುಬ್ಬರ ಜುಲೈನಲ್ಲಿ ಶೇ 7.44ಕ್ಕೆ ಹಾರಿತು. ನಮ್ಮ ಗುರಿಗೆ ಇಟ್ಟ ಶೇ 6ರ ಮೇಲ್ಮಿತಿಯೂ ದಾಟಿತು. ಆದರೂ ಆಗಸ್ಟ್ ಸಭೆಯಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 6.5ರಲ್ಲೇ ಬಿಟ್ಟಿತು. ಹೊಸ ಬೆಳೆ ಬಂದರೆ ತರಕಾರಿ ಇಳಿಯುತ್ತದೆ ಅನ್ನುವ ಅಂದಾಜು ಇತ್ತು. ಆಗಸ್ಟ್‌ನಲ್ಲಿ ಶೇ 6.83, ಸೆಪ್ಟೆಂಬರ್‌ನಲ್ಲಿ ಶೇ 5.02. ಬಡ್ಡಿ ಏರಿಸಿದ್ದರೆ ಒಂದು ಟೊಮೆಟೊ ಗಿಡವೂ ಬೇಗ ಕಾಯಿ ಬಿಡುತ್ತಿರಲಿಲ್ಲ, ಎಲ್ಲೋ ಒಬ್ಬರ ಕೆಲಸ ಮಾತ್ರ ಹೋಗುತ್ತಿತ್ತು.

ಟೇಲರ್ ಸೂತ್ರ ಇದೆಯಲ್ಲ, ಅದನ್ನೇ ಹಾಕಿ ಬಡ್ಡಿ ನಿರ್ಧರಿಸಬಾರದಾ?

ಪರೀಕ್ಷೆಗೆ ಓದುವವರು ಜಾಸ್ತಿ ಕೇಳುವ ಪ್ರಶ್ನೆ. ಅಮೆರಿಕದ ಜಾನ್ ಟೇಲರ್ 1993ರಲ್ಲಿ ಹೇಳಿದ ಸೂತ್ರದಲ್ಲಿ ಹಣದುಬ್ಬರ 1 ಅಂಶ ಏರಿದರೆ ಬಡ್ಡಿ ಒಂದೂವರೆ ಅಂಶ ಏರಬೇಕು, ಉತ್ಪಾದನೆ ತನ್ನ ಸಾಮಾನ್ಯ ಮಟ್ಟಕ್ಕಿಂತ 1 ಅಂಶ ಮೇಲಿದ್ದರೆ ಅರ್ಧ ಅಂಶ ಏರಬೇಕು. ಎರಡು ಅಂಕಿ ಹಾಕಿದರೆ ಉತ್ತರ ಬರುತ್ತದೆ.

2003ರಲ್ಲಿ ಸ್ವೆನ್ಸನ್ ಇದನ್ನು ಒಂದು ದೊಡ್ಡ ಲೇಖನದಲ್ಲಿ ಪ್ರಶ್ನಿಸಿದರು. ಕೇಂದ್ರ ಬ್ಯಾಂಕಿನವರಿಗೆ ಆ ಎರಡು ಅಂಕಿಗಿಂತ ಎಷ್ಟೋ ಜಾಸ್ತಿ ವಿಷಯ ಗೊತ್ತಿರುತ್ತದೆ: ರಫ್ತು ಹೇಗಿದೆ, ಬ್ಯಾಂಕುಗಳ ಸ್ಥಿತಿ ಏನು, ಎಣ್ಣೆ ಬೆಲೆ ಎತ್ತ ಹೋಗುತ್ತಿದೆ. ಅದನ್ನೆಲ್ಲ ಬದಿಗಿಟ್ಟು ಸೂತ್ರ ಹಿಡಿಯುವುದು ಯಾಕೆ? ಏನು ಸಾಧಿಸಬೇಕು ಅಂತ ಕಟ್ಟಿಹಾಕಿ, ಹೇಗೆ ಸಾಧಿಸಬೇಕು ಅನ್ನುವುದನ್ನು ತಿಳಿದವರ ವಿವೇಚನೆಗೆ ಬಿಡಿ ಅಂದರು. ನಾನು ಈ ಮಾತಿಗೆ ಪೂರ್ತಿ ಒಪ್ಪುತ್ತೇನೆ. ಟೊಮೆಟೊ ತಿಂಗಳಲ್ಲಿ ಸೂತ್ರ ಹಾಕಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕಿ ನೋಡಿ.

ಹಣದುಬ್ಬರ ಗುರಿಗಿಂತ ಕಡಿಮೆ ಇದ್ದರೆ ಒಳ್ಳೆಯದೇ ಅಲ್ವಾ?

ಬೆಲೆ ಕಡಿಮೆ ಏರಿದರೆ ಯಾರಿಗೆ ಬೇಜಾರು ಅಂತ ನಾನೂ ಅಂದುಕೊಂಡಿದ್ದೆ. ಸ್ವೆನ್ಸನ್ ಬರಹ ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು.

ಸ್ವೀಡನ್ನಿನಲ್ಲಿ ಕಾರ್ಮಿಕ ಸಂಘಟನೆಗಳೂ ಮಾಲೀಕರೂ ಕೂತು ಸಂಬಳದ ಒಪ್ಪಂದ ಮಾಡಿಕೊಳ್ಳುತ್ತಾರೆ. ಅವರು ಶೇ 2ರ ಗುರಿಯನ್ನು ನಂಬಿದ್ದರು. ಮುಂದೆ ಬೆಲೆಗಳು ವರ್ಷಕ್ಕೆ ಶೇ 2 ಏರುತ್ತವೆ ಅಂತ ಇಟ್ಟುಕೊಂಡು ಸಂಬಳ ಗೊತ್ತುಮಾಡಿದರು. ಆದರೆ 1997ರಿಂದ 2011ರವರೆಗೆ ಸರಾಸರಿ ಹಣದುಬ್ಬರ ಆದದ್ದು ಶೇ 1.4 ಮಾತ್ರ. ಈಗ ಒಬ್ಬ ಕಾರ್ಖಾನೆ ಮಾಲೀಕನ ಜಾಗದಲ್ಲಿ ನಿಂತು ನೋಡಿ. ಸಂಬಳ ಒಪ್ಪಂದದ ಪ್ರಕಾರ ಏರಿದೆ. ಮಾರುವ ಸಾಮಾನಿನ ಬೆಲೆ ಅಂದುಕೊಂಡಷ್ಟು ಏರಿಲ್ಲ. ಪ್ರತಿ ಕೆಲಸಗಾರನೂ ಲೆಕ್ಕಕ್ಕಿಂತ ದುಬಾರಿ ಆದ. ಆ ಮಾಲೀಕ ಇದ್ದವರನ್ನು ಕೂಡಲೇ ತೆಗೆಯುವುದಿಲ್ಲ. ಮುಂದಿನ ಇಬ್ಬರನ್ನು ತೆಗೆದುಕೊಳ್ಳುವುದನ್ನು ಸುಮ್ನೆ ಬಿಟ್ಟುಬಿಡುತ್ತಾನೆ.

ಆ ಹದಿನೈದು ವರ್ಷದಲ್ಲಿ ಹಣದುಬ್ಬರ ಗುರಿಗಿಂತ 0.6 ಅಂಶ ಕೆಳಗಿದ್ದ ಕಾರಣಕ್ಕೆ ಸ್ವೀಡನ್ನಿನ ನಿರುದ್ಯೋಗ ಸರಾಸರಿ 0.8 ಅಂಶ ಜಾಸ್ತಿ ಇತ್ತು ಅಂತ ಸ್ವೆನ್ಸನ್ 2015ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅಂದಾಜು ಮಾಡಿದರು. ನೂರರಲ್ಲಿ ಒಬ್ಬರೂ ಇಲ್ಲ ಅನ್ನಿಸಬಹುದು. ಐವತ್ತು ಲಕ್ಷ ದುಡಿಯುವ ಕೈಗಳಿರುವ ದೇಶದಲ್ಲಿ ಅದು ನಲವತ್ತು ಸಾವಿರ ಜನ. ಬೆಲೆ ಏರಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಎಲ್ಲರೂ ಕೂಗುತ್ತಾರೆ. ಸಿಗದೇ ಹೋದ ಕೆಲಸ ಯಾರಿಗೂ ಕಾಣುವುದಿಲ್ಲ. ಅದನ್ನು ಲೆಕ್ಕಕ್ಕೆ ತಂದು ತೋರಿಸಿದ್ದೇ ಸ್ವೆನ್ಸನ್ ಮಾಡಿದ ದೊಡ್ಡ ಕೆಲಸ ಅಂತ ನನ್ನ ಅಭಿಪ್ರಾಯ.

ರಿಕ್ಸ್‌ಬ್ಯಾಂಕಿನಲ್ಲಿ ಅವರಿಗೂ ಉಳಿದವರಿಗೂ ಏನು ಜಗಳ?

ರಿಕ್ಸ್‌ಬ್ಯಾಂಕಿನ ಆಡಳಿತ ಮಂಡಳಿಯಲ್ಲಿ ಆಗ ಆರು ಜನ. ಪ್ರತಿಯೊಬ್ಬರಿಗೂ ಒಂದು ಮತ. ಯಾರು ಏನು ಹೇಳಿದರು ಅಂತ ಹೆಸರು ಸಮೇತ ನಡಾವಳಿ ಪ್ರಕಟ ಆಗುತ್ತದೆ.

2008ರ ಬಿಕ್ಕಟ್ಟಿನ ನಂತರ 2009ರ ಜುಲೈನಲ್ಲಿ ರೆಪೊ ದರ ಶೇ 0.25ಕ್ಕೆ ಇಳಿದಿತ್ತು. 2010ರ ಜುಲೈನಿಂದ ಬಹುಮತದವರು ಏರಿಸಲು ಶುರು ಮಾಡಿದರು. ಒಂದು ವರ್ಷದಲ್ಲಿ ಅದು ಶೇ 2 ಆಯಿತು. ಸ್ವೆನ್ಸನ್ ಮೊದಲ ಏರಿಕೆಯಿಂದಲೇ ವಿರೋಧಿಸಿದರು. ಹಲವು ಸಭೆಗಳಲ್ಲಿ ಅವರ ಜೊತೆ ನಿಂತವರು ಇನ್ನೊಬ್ಬ ಉಪ ಗವರ್ನರ್ ಕರೊಲಿನಾ ಎಕ್‌ಹೋಮ್.

ಅವರ ವಾದ ಬ್ಯಾಂಕಿನದೇ ಮುನ್ನಂದಾಜಿನ ಮೇಲೆ ನಿಂತಿತ್ತು. ಮುಂದಿನ ವರ್ಷಗಳಲ್ಲಿ ಹಣದುಬ್ಬರ ಗುರಿಗಿಂತ ಕೆಳಗಿರುತ್ತದೆ ಅಂತ ಬರೆದಿದೆ. ನಿರುದ್ಯೋಗ ಜಾಸ್ತಿ ಇರುತ್ತದೆ ಅಂತಲೂ ಬರೆದಿದೆ. ಎರಡೂ ಒಂದೇ ಕಡೆ ಕೈ ತೋರಿಸುತ್ತಿವೆ, ದರ ಇಳಿಸಿ ಅಂತ. ಹಾಗಿದ್ದೂ ಏರಿಸುವುದು ಯಾವ ಲೆಕ್ಕದಲ್ಲಿ? ಹೆಚ್ಚುಕಮ್ಮಿ ಅಂಥದ್ದೇ ಮುನ್ನಂದಾಜು ಕೈಯಲ್ಲಿದ್ದ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡ್ ಅದೇ ಹೊತ್ತಿಗೆ ದರವನ್ನು ಸೊನ್ನೆಯ ಹತ್ತಿರವೇ ಇಟ್ಟು ಇನ್ನೂ ಸಡಿಲ ಮಾಡುವ ಕಡೆ ಹೊರಟಿತ್ತು. ಈ ಹೋಲಿಕೆಯನ್ನು ಅವರು ಮತ್ತೆ ಮತ್ತೆ ಮುಂದಿಟ್ಟರು.

ಬಹುಮತದವರ ಚಿಂತೆ ಬೇರೆ ಇತ್ತು. ಗವರ್ನರ್ ಸ್ಟೆಫಾನ್ ಇಂಗ್ವೆಸ್ ಮತ್ತು ಅವರ ಜೊತೆಯವರಿಗೆ ಮನೆ ಬೆಲೆ, ಕುಟುಂಬಗಳ ಸಾಲ ಏರುತ್ತಿರುವ ಭಯ. ಬಡ್ಡಿ ಅಗ್ಗ ಇದ್ದರೆ ಜನ ಕೈಮೀರಿ ಸಾಲ ಮಾಡುತ್ತಾರೆ, ಮುಂದೆ ಒಂದು ದಿನ ಎಲ್ಲ ಒಟ್ಟಿಗೆ ಕುಸಿಯುತ್ತದೆ ಅನ್ನುವ ಆತಂಕ ಅದು. ಅದು ಹುಸಿ ಭಯ ಅಂತ ನಾನು ಹೇಳಲಾರೆ.

ಆಮೇಲೆ ಏನಾಯಿತು? 2012ರ ಕೊನೆಯ ಹೊತ್ತಿಗೆ ಹಣದುಬ್ಬರ ಸೊನ್ನೆಯ ಹತ್ತಿರ ಬಂತು, ನಿರುದ್ಯೋಗ ಶೇ 8ರ ಆಸುಪಾಸಿನಲ್ಲಿ ನಿಂತಿತು. 2013ರಲ್ಲಿ ಸ್ವೆನ್ಸನ್ ಇನ್ನೊಂದು ಅವಧಿಗೆ ತಾವು ಇಲ್ಲ ಅಂದರು. ಹಣದುಬ್ಬರವನ್ನು ಗುರಿಯ ಹತ್ತಿರ ತಂದು ನಿರುದ್ಯೋಗ ಇಳಿಸುವ ನೀತಿಗೆ ಮಂಡಳಿಯಲ್ಲಿ ಸಾಕಷ್ಟು ಬೆಂಬಲ ಪಡೆಯಲು ತಮ್ಮಿಂದ ಆಗಲಿಲ್ಲ ಅಂತ ಕಾರಣ ಕೊಟ್ಟರು. ರಿಕ್ಸ್‌ಬ್ಯಾಂಕ್ ನಂತರ ದರ ಇಳಿಸುತ್ತಾ ಹೋಗಿ 2015ರ ಫೆಬ್ರುವರಿಯಲ್ಲಿ ಸೊನ್ನೆಗಿಂತ ಕೆಳಗೆ, ಮೈನಸ್ 0.10ಕ್ಕೆ ತಂದಿತು.

ಬಡ್ಡಿ ಏರಿಸಿದರೆ ಜನರ ಸಾಲ ಕಡಿಮೆ ಆಗುತ್ತದಲ್ಲವಾ?

ಹೊಸ ಸಾಲ ಸ್ವಲ್ಪ ಕಡಿಮೆ ಆಗುತ್ತದೆ. ಆದರೆ ಹಳೆಯ ಸಾಲ ಗುಡ್ಡದಂತೆ ಹಾಗೇ ಇರುತ್ತದೆ. ಬೆಲೆ ಮತ್ತು ಸಂಬಳದ ಏರಿಕೆ ನಿಂತರೆ ಆ ಗುಡ್ಡದ ಭಾರ ಜಾಸ್ತಿ ಆಗುತ್ತದೆ. ಶೇ 2 ಏರುತ್ತದೆ ಅಂತ ನಂಬಿ ಸಾಲ ಮಾಡಿದ ಮನೆಯವರು ಮೂರು ವರ್ಷ ಸೊನ್ನೆ ಏರಿಕೆ ಕಂಡರೆ ಅವರ ಸಾಲ ಅಂದುಕೊಂಡದ್ದಕ್ಕಿಂತ ಶೇ 6ರಷ್ಟು ಭಾರ. ಸಾಲ ತಗ್ಗಿಸಲು ಹೊರಟ ನೀತಿ ಸಾಲದ ಭಾರವನ್ನೇ ಏರಿಸಿತು ಅಂತ ಸ್ವೆನ್ಸನ್ ತೋರಿಸಿದರು.

ಮನೆ ಸಾಲದ ಅಪಾಯಕ್ಕೆ ಬೇರೆ ಔಷಧಿ ಇದೆ ಅಂತಲೂ ಹೇಳಿದರು. ಸ್ವೀಡನ್ 2010ರ ಅಕ್ಟೋಬರ್‌ನಲ್ಲೇ ಮನೆ ಬೆಲೆಯ ಶೇ 85ಕ್ಕಿಂತ ಜಾಸ್ತಿ ಸಾಲ ಕೊಡಬಾರದು ಅಂತ ಮಿತಿ ಹಾಕಿತ್ತು. ಅಂಥ ನಿಯಮ ಮನೆ ಸಾಲವನ್ನು ಮಾತ್ರ ಮುಟ್ಟುತ್ತದೆ. ಬಡ್ಡಿ ದರ ಊರಿನ ಎಲ್ಲರನ್ನೂ ಮುಟ್ಟುತ್ತದೆ, ಸಾಲವೇ ಇಲ್ಲದೆ ಕೆಲಸ ಹುಡುಕುತ್ತಿರುವ ಹುಡುಗನನ್ನೂ.

ಹಾಗಾದರೆ ಅವರು ಹೇಳಿದ್ದೆಲ್ಲ ಸರಿಯಾ?

ಎಲ್ಲರೂ ಒಪ್ಪುವುದಿಲ್ಲ. 0.8 ಅಂಶದ ಲೆಕ್ಕ, ಜನ ಹದಿನೈದು ವರ್ಷವೂ ಶೇ 2 ಅಂತಲೇ ನಂಬಿದ್ದರು ಅನ್ನುವುದರ ಮೇಲೆ ನಿಂತಿದೆ. ನಂಬಿಕೆ ಸ್ವಲ್ಪ ಜಾರಿದ್ದರೂ ನಿರುದ್ಯೋಗದ ಅಂಕಿ ಚಿಕ್ಕದಾಗುತ್ತದೆ. ಎಲ್ಲವೂ ಮುನ್ನಂದಾಜಿನ ಮೇಲೆ ನಿಂತಿರುವುದೂ ಒಂದು ಕಷ್ಟ. ಅಂದಾಜೇ ತಪ್ಪಿದರೆ? 2022ರ ಡಿಸೆಂಬರ್‌ನಲ್ಲಿ ಸ್ವೀಡನ್ನಿನ ಹಣದುಬ್ಬರ ಗುರಿಗೆ ಇಟ್ಟುಕೊಂಡ ಅಳತೆಯಲ್ಲೇ ಶೇ 10.2 ಮುಟ್ಟಿತು. ಅದನ್ನು ಕೇಂದ್ರ ಬ್ಯಾಂಕುಗಳು ಮೊದಲೇ ಕಂಡಿರಲಿಲ್ಲ. ಸೊನ್ನೆಯಲ್ಲಿದ್ದ ದರವನ್ನು 2023ರ ಸೆಪ್ಟೆಂಬರ್ ಹೊತ್ತಿಗೆ ಶೇ 4ಕ್ಕೆ ತರಬೇಕಾಯಿತು.

ಆದರೂ ಗುರಿ ಎರಡೂ ಕಡೆಯಿಂದ ಗುರಿ ಆಗಿರಬೇಕು ಅನ್ನುವ ಮಾತು ಇವತ್ತಿಗೂ ಗಟ್ಟಿ ಇದೆ ಅಂತ ನನಗೆ ಅನ್ನಿಸುತ್ತದೆ.

ನ್ಯೂಜಿಲೆಂಡಿಗೂ ಅವರಿಗೂ ಏನು ಸಂಬಂಧ?

ಅಲ್ಲಿನ ಸರ್ಕಾರ ಕೇಳಿಕೊಂಡ ಮೇಲೆ 2001ರಲ್ಲಿ ಆ ದೇಶದ ಹಣಕಾಸು ನೀತಿಯನ್ನು ಪರಿಶೀಲಿಸಿ ವರದಿ ಕೊಟ್ಟರು. ಗವರ್ನರ್ ಒಬ್ಬರೇ ದರ ನಿರ್ಧರಿಸುವ ಬದಲು ಒಂದು ಸಮಿತಿ ಇರಲಿ ಅಂದರು. ಆಗ ಅದು ಆಗಲಿಲ್ಲ. 2019ರಲ್ಲಿ ಅಲ್ಲಿ ಸಮಿತಿ ಬಂತು.

ಭಾರತದ ಶೇ 4ಕ್ಕೂ ಇದಕ್ಕೂ ಏನು ಸಂಬಂಧ?

ಸ್ವೆನ್ಸನ್ ಬಂದು ನಮಗೆ ಬರೆದುಕೊಟ್ಟದ್ದಲ್ಲ. ಆಗ ರಿಸರ್ವ್ ಬ್ಯಾಂಕಿನ ಉಪ ಗವರ್ನರ್ ಆಗಿದ್ದ ಊರ್ಜಿತ್ ಪಟೇಲ್ ನೇತೃತ್ವದ ಸಮಿತಿ 2014ರ ಜನವರಿಯಲ್ಲಿ ವರದಿ ಕೊಟ್ಟಿತು. 2015ರ ಫೆಬ್ರುವರಿಯಲ್ಲಿ ಸರ್ಕಾರ ಮತ್ತು ರಿಸರ್ವ್ ಬ್ಯಾಂಕ್ ಒಪ್ಪಂದ ಮಾಡಿಕೊಂಡವು. 2016ರಲ್ಲಿ ಕಾನೂನು ತಿದ್ದಿ ಆರು ಜನರ ಹಣಕಾಸು ನೀತಿ ಸಮಿತಿ ಮಾಡಿದರು. ಅದಕ್ಕೆ ಮೊದಲು ಗವರ್ನರ್ ಒಬ್ಬರದೇ ತೀರ್ಮಾನ. ಗುರಿ ಶೇ 4, ಕೆಳಗೆ 2, ಮೇಲೆ 6 ಮಿತಿ.

ಆದರೆ ಆ ಕಾನೂನನ್ನು ಓದಿದರೆ ಅವರ ವಿಚಾರ ಕಾಣುತ್ತದೆ. ಬೆಳವಣಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಲೆ ಸ್ಥಿರತೆ ಕಾಪಾಡಬೇಕು ಅಂತ ಇದೆ. ಹದವರಿತ ಗುರಿ ಅಂದರೆ ಇದೇ. ಮೂರು ತ್ರೈಮಾಸಿಕ ಸತತವಾಗಿ ಮಿತಿಯ ಹೊರಗೆ ಹೋದರೆ ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಕಾರಣ ಬರೆದು ಕೊಡಬೇಕು. 2022ರಲ್ಲಿ ಹಾಗೆ ಆಯಿತು, ಪತ್ರವೂ ಹೋಯಿತು. ಆದರೆ ಆ ಪತ್ರವನ್ನು ನಮಗೆ ತೋರಿಸಲಿಲ್ಲ. ನನಗೆ ಇದು ನಿಜವಾಗಿಯೂ ನೋವಿನ ಸಂಗತಿ. ಆ ವರ್ಷ ಕಂತು ಕಟ್ಟಿದವರು ನಾವು. ಮೇ ತಿಂಗಳ ಶುರುವಿನಲ್ಲಿ ಶೇ 4 ಇದ್ದ ರೆಪೊ 2023ರ ಫೆಬ್ರುವರಿಗೆ ಶೇ 6.5 ಆಯಿತು. ಇಪ್ಪತ್ತು ವರ್ಷಕ್ಕೆ ಇಪ್ಪತ್ತು ಲಕ್ಷ ಮನೆ ಸಾಲ ಮಾಡಿದವರ ಬಡ್ಡಿ ಶೇ 7ರಿಂದ 9.5ಕ್ಕೆ ಹೋದರೆ ತಿಂಗಳ ಕಂತು ಸುಮಾರು 15,500ರಿಂದ 18,600 ಆಗುತ್ತದೆ. ತಿಂಗಳಿಗೆ ಮೂರು ಸಾವಿರ ಜಾಸ್ತಿ ಕಟ್ಟಿದವರಿಗೆ ಕಾರಣ ಓದುವ ಹಕ್ಕಿದೆ.

ರಿಸರ್ವ್ ಬ್ಯಾಂಕಿನ ಸಭೆಯ ನಡಾವಳಿ ನಮ್ಮಂಥವರಿಗೆ ಅರ್ಥ ಆಗುತ್ತದಾ? ಏನು ನೋಡಬೇಕು?

ಆಗುತ್ತದೆ. ಸಭೆ ಮುಗಿದ ಹದಿನಾಲ್ಕನೇ ದಿನ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ಬರುತ್ತದೆ. ಮೊದಲು ಮುಂದಿನ ನಾಲ್ಕು ತ್ರೈಮಾಸಿಕದ ಹಣದುಬ್ಬರದ ಮುನ್ನಂದಾಜು ಹುಡುಕಿ. ಅದು ಶೇ 4ಕ್ಕಿಂತ ಮೇಲಿದೆಯಾ, ಕೆಳಗಿದೆಯಾ ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ಆಮೇಲೆ ಬೆಳವಣಿಗೆಯ ಅಂದಾಜು ನೋಡಿ. ಎರಡನ್ನೂ ನೋಡಿ ದರ ಎತ್ತ ಹೋಗಬೇಕಿತ್ತು ಅಂತ ನೀವೇ ಒಮ್ಮೆ ತೀರ್ಮಾನ ಮಾಡಿ. ಅದಾದ ಮೇಲೆ ಅವರ ತೀರ್ಮಾನ ಓದಿ.

ಕೊನೆಗೆ ಒಬ್ಬೊಬ್ಬ ಸದಸ್ಯರ ಹೇಳಿಕೆಗೆ ಬನ್ನಿ. ಒಪ್ಪದೇ ಇದ್ದವರದ್ದನ್ನು ಮೊದಲು ಓದಿ. 2024ರ ಜೂನ್ ಸಭೆಯ ನಡಾವಳಿಯಿಂದ ಶುರು ಮಾಡಬಹುದು. ಮತ ನಾಲ್ಕಕ್ಕೆ ಎರಡು. ದರ ಶೇ 6.5ರಲ್ಲೇ ಇರಲಿ ಅಂದವರು ನಾಲ್ವರು, ಕಾಲು ಅಂಶ ಇಳಿಸಿ ಅಂದವರು ಆಶಿಮಾ ಗೋಯಲ್ ಮತ್ತು ಜಯಂತ್ ವರ್ಮಾ. ಇಬ್ಬರೂ ಯಾಕೆ ಹಾಗೆ ಅಂದರು ಅಂತ ಅವರದೇ ಮಾತಲ್ಲಿ ಅಲ್ಲಿದೆ.